ಪುಕ್ಕಟೆ ಪಡೆದವನ ಋಣ

ಬೇರೊಬ್ಬರ ದುಡಿಮೆಯ ಫಲವನ್ನು ಬೆಲೆ ಕೊಡದೆ ಪಡೆದವನು ಪ್ರತಿಯಾಗಿ ಏನನ್ನಾದರೂ ಸಲ್ಲಿಸಬೇಕೆ? ಕೊಟ್ಟವನೇ ‘ನನಗೇನೂ ಬೇಡ, ಬಳಸಿಕೊಳ್ಳಿ’ ಎಂದು ಬರೆದುಕೊಟ್ಟಿದ್ದರೆ ಆಗಲೂ ಪಡೆದವನ ಮೇಲೆ ಹೊಣೆಯೇನಾದರೂ ಉಳಿಯುತ್ತದೆಯೆ? ಪ್ರಶ್ನೆ ಹಳೆಯದು. ಛತ್ರದಲ್ಲಿ ಉಂಡವರೂ ವಾರಾನ್ನದಲ್ಲಿ ಓದಿ ಮುಂದೆ ಬಂದವರೂ ಇದನ್ನು ತಮ್ಮೊಳಗೆ ಕೇಳಿಕೊಂಡಿದ್ದಾರೆ. ಇಂದು ಈ ಪ್ರಶ್ನೆ ಅತ್ಯಂತ ಹರಿತವಾಗಿ ಎದುರಾಗುತ್ತಿರುವುದು ನಮ್ಮ ಮಕ್ಕಳೂ ತಮ್ಮಂದಿರೂ ಹಗಲಿರುಳು ದುಡಿಯುವ ಸಾಫ್ಟ್‌ವೇರ್ ಉದ್ಯಮದಲ್ಲಿ. ಆ ಕೆಲಸದವರು ಒಬ್ಬರಾದರೂ ಇಲ್ಲದ ಮನೆ ನಮ್ಮ ಸಂಘದ ಸದಸ್ಯರಲ್ಲಿ ಅಪರೂಪವಾದುದರಿಂದ ವಿಷಯ ಈ ಪುಟಗಳಿಗೆ ಹೊರಗಿನದೆಂದು ಯಾರೂ ಭಾವಿಸಲಾರರೆಂದು ನಂಬಿದ್ದೇನೆ.

ಅವರ ಬಾಯಲ್ಲಿ ‘ಡಿಪೆಂಡೆನ್ಸಿ’ ಎಂಬ ಮಾತು ದಿನಕ್ಕೆ ಹತ್ತು ಸಲ ಬರುತ್ತದೆ. ಸರ್ಕಾರಿ ನೌಕರನಾದ ನನಗೆ ಡಿಪೆಂಡೆಂಟ್ ಎಂದರೆ ಆರೋಗ್ಯ ಯೋಜನೆಯ ಕಾರ್ಡಿನಲ್ಲಿ ಹೆಸರಿರುವ ತಂದೆತಾಯಿ, ಹೆಂಡತಿ, ಮಕ್ಕಳು. ಸಾಫ್ಟ್‌ವೇರಿನಲ್ಲಿ ಸಂಬಂಧ ತಿರುವುಮುರುವು. ಯಾರ ಕೆಲಸವನ್ನು ನಾವು ಅವಲಂಬಿಸಿದ್ದೇವೆಯೋ ಅದು ನಮ್ಮ ಡಿಪೆಂಡೆನ್ಸಿ. ಸಾಕುವವರು ಅವರು, ಸಾಕಿಸಿಕೊಳ್ಳುವವರು ನಾವು. ಒಂದು ಪ್ರೋಗ್ರಾಮು ಬರೆಯುವವನು ಎಲ್ಲವನ್ನೂ ತಾನೇ ಬರೆಯುವುದಿಲ್ಲ. ದಿನಾಂಕದ ಲೆಕ್ಕ, ಗುಪ್ತಲಿಪಿ, ಚಿತ್ರದ ಸಂಕೋಚನ ಮುಂತಾದುವನ್ನು ಯಾರೋ ಮುಂಚೆಯೇ ಬರೆದು, ಪರೀಕ್ಷಿಸಿ, ಲೋಕಕ್ಕೆ ಬಿಟ್ಟುಕೊಟ್ಟಿರುತ್ತಾರೆ. ಇಂಥ ಕಟ್ಟಿಗೆ ಲೈಬ್ರರಿ ಎನ್ನುತ್ತಾರೆ. ಬೇಕಾದ ಲೈಬ್ರರಿಯ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದರೆ ಸಾಕು, ಪ್ಯಾಕೇಜ್ ಮ್ಯಾನೇಜರ್ ಎಂಬ ಉಪಕರಣ ಅದನ್ನು ತಂದುಕೊಡುತ್ತದೆ. ಆ ಲೈಬ್ರರಿಗೂ ತನ್ನದೇ ಆಶ್ರಯದಾತರಿರುತ್ತಾರೆ, ಅವರಿಗೆ ಮತ್ತೂ ಕೆಲವರು. ಬೀಗರನ್ನು ಕರೆದರೆ ಬೀಗರ ಬೀಗರೂ ಅವರ ನೆರೆಹೊರೆಯವರೂ ಬಸ್ಸು ಹತ್ತಿ ಬಂದ ಹಾಗೆ, ಪಟ್ಟಿಯಲ್ಲಿ ಹತ್ತು ಹೆಸರು ಬರೆದವನ ಮನೆಗೆ ನೂರಾರು ಅತಿಥಿಗಳು ಬಂದಿರುತ್ತಾರೆ. ಪಟ್ಟಿ ಬರೆದವನು ಅವರ ಮುಖ ನೋಡಿರುವುದಿಲ್ಲ.

ಇದರಲ್ಲಿ ಅಡಗಿರುವ ಧರ್ಮಸೂಕ್ಷ್ಮ ಹೊರಬಿದ್ದದ್ದು 2016ರ ಮಾರ್ಚ್ 22ರಂದು. ಅಜರ್ ಕೋಚುಲು ಎಂಬ ತರುಣ ತಾನು ಬರೆದ ಒಂದು ಪ್ಯಾಕೇಜಿಗೆ ‘ಕಿಕ್’ ಎಂದು ಹೆಸರಿಟ್ಟಿದ್ದ. ಅದೇ ಹೆಸರಿನ ಸಂದೇಶ ಸೇವೆಯ ಕಂಪನಿಯೊಂದು ಹೆಸರನ್ನು ಬಿಟ್ಟುಕೊಡಬೇಕೆಂದು ಕೇಳಿತು. ಈತ ಒಪ್ಪಲಿಲ್ಲ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಉಗ್ರಾಣವನ್ನು ನಡೆಸುತ್ತಿದ್ದ ಎನ್‌ಪಿಎಂ ಸಂಸ್ಥೆ ಹೆಸರನ್ನು ಕಂಪನಿಗೆ ಒಪ್ಪಿಸಿತು. ಮನನೊಂದ ಕೋಚುಲು ತನ್ನ 270ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಒಟ್ಟಿಗೆ ಹಿಂತೆಗೆದುಕೊಂಡ. ಅವುಗಳಲ್ಲಿ ‘ಲೆಫ್ಟ್-ಪ್ಯಾಡ್’ ಎಂಬುದೊಂದು. ಅದರಲ್ಲಿದ್ದದ್ದು 11 ಸಾಲು. ನಾವು ರವಾನೆ ರಿಜಿಸ್ಟರಿನಲ್ಲಿ 7ನ್ನು 0007 ಎಂದು ಬರೆಯುತ್ತೇವಲ್ಲ, ಹಾಗೆ ಎಡಕ್ಕೆ ಸೊನ್ನೆಯನ್ನೋ ಖಾಲಿ ಜಾಗವನ್ನೋ ತುಂಬುವುದಷ್ಟೇ ಅದರ ಕೆಲಸ. ಅದು ಇಲ್ಲವಾದ ಕೂಡಲೆ ಬೇಬಲ್‌ನಂಥ ಪ್ರಸಿದ್ಧ ಉಪಕರಣಗಳು ಕೆಟ್ಟು ನಿಂತವು. ಅವನ್ನು ಆಶ್ರಯಿಸಿದ್ದ ದೊಡ್ಡ ದೊಡ್ಡ ಕಂಪನಿಗಳ ಕೆಲಸವೂ ನಿಂತಿತು. ಕೆಲವೇ ಗಂಟೆಗಳಲ್ಲಿ ಎನ್‌ಪಿಎಂ ಸಂಸ್ಥೆ ಲೇಖಕನ ಅನುಮತಿಗೆ ಕಾಯದೆ ಅದನ್ನು ಮರಳಿ ಉಗ್ರಾಣದಲ್ಲಿಟ್ಟಿತು. ಹಾಗೆ ಹಿಂತೆಗೆಯುವುದಕ್ಕೆ ಅನಂತರ ನಿಯಮದ ಕಟ್ಟೂ ಬಿತ್ತು.

ಕೊಟ್ಟದ್ದನ್ನು ಕಸಿಯುವುದಕ್ಕೆ ನಮ್ಮಲ್ಲಿ ದತ್ತಾಪಹಾರವೆಂಬ ಹೆಸರಿದೆ. ಕನ್ನಡನಾಡಿನ ದಾನಶಾಸನಗಳ ಕೊನೆಯಲ್ಲಿ, ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ ಅಪಹರಿಸಿದವನಿಗೆ ತಟ್ಟುವ ಶಾಪವನ್ನು ಕಲ್ಲಿನಲ್ಲಿ ಕೊರೆದಿಟ್ಟಿರುವುದನ್ನು ಅನೇಕರು ನೋಡಿರಬಹುದು. ಹಾಗಾದರೆ ಕೋಚುಲು ಆ ಶಾಪಕ್ಕೆ ಗುರಿಯೆ? ನನಗೆ ಹಾಗೆ ತೋರುವುದಿಲ್ಲ. ಬೇಸಗೆಯಲ್ಲಿ ದಾರಿಯ ಬದಿಗೆ ಒಬ್ಬಾತ ಅರವಟ್ಟಿಗೆ ಇಡುತ್ತಾನೆ. ಹೋಗಿಬರುವವರು ಕುಡಿಯುತ್ತಾರೆ. ಒಂದು ದಿನ, ಬೇಸರದಿಂದಲೋ ಕೋಪದಿಂದಲೋ, ಆತ ಕೊಡವನ್ನೆತ್ತಿಕೊಂಡು ಮನೆಗೆ ಹೋಗುತ್ತಾನೆ. ಕುಡಿದ ನೀರನ್ನು ಆತ ಯಾರ ಹೊಟ್ಟೆಯಿಂದಲೂ ಹಿಂತೆಗೆದಿಲ್ಲ. ಆತ ನೀರನ್ನು ದಾನ ಮಾಡಿದ್ದನೇ ಹೊರತು ಆಜನ್ಮವೂ ಕೊಡದ ಪಕ್ಕ ನಿಂತಿರುತ್ತೇನೆಂದು ಸಂಕಲ್ಪ ಮಾಡಿ ಧಾರೆಯೆರೆದಿರಲಿಲ್ಲ. ವಸ್ತುವನ್ನು ಕೊಡುವುದು ಬೇರೆ, ತನ್ನ ನಾಳೆಗಳನ್ನು ಕೊಡುವುದು ಬೇರೆ. ಕೋಚುಲುವಿನ 11 ಸಾಲನ್ನು ಪ್ರತಿ ಮಾಡಿಟ್ಟುಕೊಳ್ಳುವ ಹಕ್ಕು ಲೋಕದಲ್ಲಿ ಎಲ್ಲರಿಗೂ ಇತ್ತು. ಇಟ್ಟುಕೊಂಡವರಿಗೆ ಅಂದು ಯಾವ ತೊಂದರೆಯೂ ಆಗಲಿಲ್ಲ. ಮುಂಚಿತವಾಗಿ ನಾಲ್ಕು ದಿನದ ತಿಳುವಳಿಕೆ ಕೊಡಬಹುದಿತ್ತೆಂಬ ಆಕ್ಷೇಪಣೆಯನ್ನು ಮಾತ್ರ ಒಪ್ಪುತ್ತೇನೆ. ಹೆಸರಿನ ಜಗಳ ಕಂಪನಿಯೊಡನೆ. ಪೆಟ್ಟು ತಿಂದವರಲ್ಲಿ ಹೆಚ್ಚಿನವರು ಏನೂ ಅರಿಯದವರು.

ಆದರೆ ಊರಿನವರ ಮಾತೇನು? ಕೊಡವಿದೆಯೆಂದು ಮನೆಯ ಬಾವಿಯನ್ನೇ ಹಾಳುಬಿಟ್ಟವರು, ಕೊಡ ಇಲ್ಲವಾದ ದಿನ ಇಟ್ಟವನನ್ನು ಬೈಯುವುದರಲ್ಲಿ ನ್ಯಾಯವಿದೆಯೆ? ಇದರಿಂದ, ಎಲ್ಲವನ್ನೂ ತಾವೇ ಬರೆಯಬೇಕೆಂದು ವಾದಿಸಿದಂತಾಗದು. ಅದೊಂದು ಬಗೆಯ ಮಡಿ, ಮಡಿಯಲ್ಲಿರುವ ಅಹಂಕಾರವೂ ಅದರಲ್ಲಿದೆ. ಗುಪ್ತಲಿಪಿಯಂಥ ವಿದ್ಯೆಯಲ್ಲಿ ತಾನೇ ಬರೆಯುತ್ತೇನೆಂದು ಹೊರಡುವವನು ತನ್ನನ್ನೂ ಗಿರಾಕಿಯನ್ನೂ ಅಪಾಯಕ್ಕೆ ಒಡ್ಡುತ್ತಾನೆ. ಒಕ್ಕಲಿಗನ ಅಕ್ಕಿ, ನೇಯ್ಗೆಯವನ ಬಟ್ಟೆ ಇಲ್ಲದೆ ನಾವಾರೂ ಬದುಕುವುದಿಲ್ಲ. ಅವಲಂಬನೆಯಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಕಳವಳಪಡಬೇಕಾದದ್ದು, ಯಾರನ್ನು ಅವಲಂಬಿಸಿದ್ದೇವೆಂಬುದೇ ಗೊತ್ತಿಲ್ಲದಿರುವುದರ ಬಗ್ಗೆ.

ಈ ಗೊತ್ತಿಲ್ಲದಿರುವಿಕೆಯ ಆಳ ತಿಳಿದದ್ದು 2021ರ ಡಿಸೆಂಬರಿನಲ್ಲಿ. ಜಾವಾ ಭಾಷೆಯ ಪ್ರೋಗ್ರಾಮುಗಳು ತಮ್ಮ ದಿನಚರಿಯನ್ನು ಬರೆದಿಡಲು ‘ಲಾಗ್‌ಫೋರ್‌ಜೆ’ ಎಂಬ ಲೈಬ್ರರಿಯನ್ನು ವ್ಯಾಪಕವಾಗಿ ಬಳಸುತ್ತವೆ. ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿ ಸ್ವಯಂಸೇವಕರು ಅದನ್ನು ನೋಡಿಕೊಳ್ಳುತ್ತಾರೆ. 2013ರಲ್ಲಿ ಅದಕ್ಕೊಂದು ಸೌಲಭ್ಯ ಸೇರಿತ್ತು: ಬರೆಯಬೇಕಾದ ಮಾತಿನಲ್ಲಿ ಒಂದು ಬಗೆಯ ಸಂಕೇತವಿದ್ದರೆ ಅದು ಬರೆದು ಸುಮ್ಮನಾಗದೆ, ಆ ಸಂಕೇತ ತೋರಿಸಿದ ವಿಳಾಸಕ್ಕೆ ಹೋಗಿ ಅಲ್ಲಿದ್ದುದನ್ನು ತರುತ್ತಿತ್ತು. ನಮ್ಮ ಕಚೇರಿಯ ಮಾತಿನಲ್ಲಿ ಹೇಳುವುದಾದರೆ, ಬಂದ ಅರ್ಜಿಯ ಸಾರಾಂಶವನ್ನು ಆವಕ ರಿಜಿಸ್ಟರಿನಲ್ಲಿ ನಮೂದಿಸುತ್ತಿರುವ ಗುಮಾಸ್ತ, ಅರ್ಜಿಯಲ್ಲಿ ‘ಇಂಥ ಮನೆಗೆ ಹೋಗಿ ಅವರು ಹೇಳಿದಂತೆ ಮಾಡತಕ್ಕದ್ದು’ ಎಂದು ಬರೆದಿದ್ದರೆ ಲೇಖನಿಯನ್ನು ಅಲ್ಲಿಯೇ ಇಟ್ಟು ಎದ್ದು ಹೊರಟುಬಿಡುವುದು! ಅಲಿಬಾಬಾ ಕಂಪನಿಯ ಎಂಜಿನಿಯರೊಬ್ಬರು ನವೆಂಬರ್ 24ರಂದು ದೋಷವನ್ನು ಖಾಸಗಿಯಾಗಿ ತಿಳಿಸಿದರು. ಡಿಸೆಂಬರ್ 9, 10ರ ಹೊತ್ತಿಗೆ ಅದು ಜಗಜ್ಜಾಹೀರಾಯಿತು. ದೋಷದ ತೀವ್ರತೆಗೆ 10ರಲ್ಲಿ 10 ಅಂಕ ಬಿತ್ತು.

ನನ್ನ ಸೋದರಳಿಯನೊಬ್ಬ ಆಗ ಸಣ್ಣ ಕಂಪನಿಯೊಂದರಲ್ಲಿದ್ದ. ಹತ್ತನೆಯ ತಾರೀಖು ಶುಕ್ರವಾರ. ಧನುರ್ಮಾಸ ಬರುವುದಕ್ಕೆ ಮೊದಲು ಮುಗಿಸಬೇಕೆಂದು ಭಾನುವಾರ ಅವನ ತಂಗಿಯ ನಿಶ್ಚಿತಾರ್ಥ ಇಟ್ಟುಕೊಂಡಿದ್ದರು. ಶುಕ್ರವಾರ ಸಂಜೆ ಅವನ ಮೇಲಧಿಕಾರಿ ‘ನಮ್ಮ ಸಾಫ್ಟ್‌ವೇರಿನಲ್ಲಿ ಈ ಲೈಬ್ರರಿ ಇಲ್ಲ’ ಎಂದು ಗಿರಾಕಿಗಳಿಗೆ ಬರೆದು ಕಳಿಸಿದ್ದಾಯಿತು. ಶನಿವಾರ ರಾತ್ರಿ ಅದು ಮೂರು ಕಡೆ ಸಿಕ್ಕಿತು. ಪಟ್ಟಿಯಲ್ಲಿ ಯಾರೂ ಅದರ ಹೆಸರು ಬರೆದಿರಲಿಲ್ಲ. ಬೀಗರ ಬೀಗರಾಗಿ ಒಳಗೆ ಬಂದು ಕುಳಿತಿತ್ತು. ಹುಡುಗ ತಂಗಿಯ ನಿಶ್ಚಿತಾರ್ಥವನ್ನು ಫೋನಿನಲ್ಲಿ ನೋಡಿದ. ‘ಸುಳ್ಳು ಹೇಳಿದ್ದಲ್ಲ ಮಾವ, ಅದು ನಮ್ಮಲ್ಲಿದೆ ಅಂತ ನಮಗೇ ಗೊತ್ತಿರಲಿಲ್ಲ’ ಎಂದು ಅವನು ಆಮೇಲೆ ಹೇಳಿದ. ಆ ಮೇಲಧಿಕಾರಿ ಬರೆದದ್ದು ಸುಳ್ಳಲ್ಲ, ನಿಜ. ಆದರೆ ನೋಡಿದರೆ ಕಾಣುವಂತಿದ್ದುದನ್ನು ನೋಡದೆಯೇ ‘ಇಲ್ಲ’ ಎಂದು ರುಜು ಹಾಕುವುದಕ್ಕೆ ಅಜ್ಞಾನವೆಂಬ ಸಾತ್ವಿಕ ಹೆಸರು ಸಲ್ಲುವುದೆ? ಕಡತವನ್ನು ತೆರೆಯದೆ ‘ಪರಿಶೀಲಿಸಲಾಗಿದೆ’ ಎಂದು ಷರಾ ಬರೆಯುವುದನ್ನು ನಮ್ಮ ಇಲಾಖೆಗಳಲ್ಲಿ ಸುಳ್ಳೆಂದೇ ಎಣಿಸುತ್ತಾರೆ, ಹಿಡಿದರೆ.

ಅತ್ತ ಆ ಸ್ವಯಂಸೇವಕರು ನಿದ್ದೆಗೆಟ್ಟು ದೋಷವನ್ನು ತಿದ್ದುತ್ತಿದ್ದಾಗ ಅವರಿಗೆ ಸಂದದ್ದು ಬೈಗುಳ. ಇನ್ನೂ ವಿಚಿತ್ರವಾದದ್ದು 2022ರ ಜನವರಿಯ ಸಂಗತಿ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಎಂಬವರು ‘ಕರ್ಲ್’ ಎಂಬ ಇನ್ನೊಂದು ಉಪಕರಣದ ಕರ್ತೃ. ಅದು ಅಸಂಖ್ಯಾತ ಯಂತ್ರಗಳಲ್ಲಿ ಸೇರಿಹೋಗಿದೆ. ಅವರಿಗೆ ಒಂದು ಭಾರಿ ಕಂಪನಿಯಿಂದ ಪತ್ರ ಬಂತು: ಲಾಗ್‌ಫೋರ್‌ಜೆ ದೋಷದ ಬಗ್ಗೆ ನೀವು ಕೈಗೊಂಡ ಕ್ರಮಗಳನ್ನು 24 ಗಂಟೆಗಳೊಳಗೆ ತಿಳಿಸತಕ್ಕದ್ದು ಎಂದು. ಕರ್ಲ್‌ಗೂ ಲಾಗ್‌ಫೋರ್‌ಜೆಗೂ ಸಂಬಂಧವಿಲ್ಲ. ಆ ಕಂಪನಿಗೂ ಸ್ಟೆನ್‌ಬರ್ಗ್ ಅವರಿಗೂ ಯಾವ ಕರಾರೂ ಇರಲಿಲ್ಲ. ಕರಾರಿಗೆ ಸಹಿ ಹಾಕಿ, ಆಮೇಲೆ ಸಂತೋಷದಿಂದ ಉತ್ತರಿಸುತ್ತೇನೆ ಎಂದು ಅವರು ಮರುತ್ತರ ಬರೆದರು. ಪುಕ್ಕಟೆ ಊಟಕ್ಕೆ ಬಂದವನು ಪಂಕ್ತಿಯ ನಡುವೆ ಎದ್ದು, ಅಡಿಗೆಯವನ ಹತ್ತಿರ ಪಕ್ಕದ ಬೀದಿಯ ಅಡಿಗೆಮನೆಯ ಲೆಕ್ಕ ಕೇಳಿದ ಹಾಗೆ.

ಇವು ಪತ್ರಿಕೆಗಳಲ್ಲಿ ಬಂದ ದೊಡ್ಡ ಘಟನೆಗಳು. ಇದೇ ಮರೆವು ಪ್ರತಿದಿನದ ಕೆಲಸದಲ್ಲಿ ಸದ್ದಿಲ್ಲದೆ ನಡೆಯುವ ಪರಿಯನ್ನು ನೋಡಬೇಕಾದರೆ ಒಂದು ವಿಶೇಷ ಬಗೆಯ ಲೈಬ್ರರಿಯ ಕಡೆ ತಿರುಗಬೇಕು. ಅದಕ್ಕೆ ಆಬ್ಜೆಕ್ಟ್-ರಿಲೇಷನಲ್ ಮ್ಯಾಪಿಂಗ್ ಎಂಬ ಉದ್ದನೆಯ ಹೆಸರು. ಹುಡುಗರು ಓಆರ್‌ಎಂ ಎನ್ನುತ್ತಾರೆ. 1970ರಲ್ಲಿ ಐಬಿಎಂ ಕಂಪನಿಯ ಇ. ಎಫ್. ಕಾಡ್ ಅವರು ಪ್ರತಿಪಾದಿಸಿದ ರೀತಿಯಲ್ಲಿ ಮಾಹಿತಿಯನ್ನು ಇಂದಿಗೂ ಕೋಷ್ಟಕಗಳಲ್ಲಿ, ಎಂದರೆ ನಮ್ಮ ರಿಜಿಸ್ಟರುಗಳಂತೆ, ಇಡುತ್ತಾರೆ. ನೌಕರರದ್ದು ಒಂದು ರಿಜಿಸ್ಟರು, ರಜೆಯದ್ದು ಇನ್ನೊಂದು, ಸಂಬಳದ್ದು ಮತ್ತೊಂದು. ಅವನ್ನು ಪ್ರಶ್ನಿಸಲು ಎಸ್‌ಕ್ಯೂಎಲ್ ಎಂಬ ಭಾಷೆ. ಆದರೆ ಪ್ರೋಗ್ರಾಮು ಬರೆಯುವವನು ರಿಜಿಸ್ಟರುಗಳಲ್ಲಿ ಯೋಚಿಸುವುದಿಲ್ಲ. ರಜೆ, ಸಂಬಳ ಎಲ್ಲವನ್ನೂ ಒಳಗೊಂಡ ಇಡೀ ‘ನೌಕರ’ನೆಂಬ ವಸ್ತುವಿನಲ್ಲಿ ಯೋಚಿಸುತ್ತಾನೆ. ಈ ಎರಡು ಲೋಕಗಳ ನಡುವೆ ದುಭಾಷಿಯಾಗಿ ನಿಲ್ಲುವುದು ಓಆರ್‌ಎಂ. 2001ರಲ್ಲಿ ಹೈಬರ್ನೇಟ್, 2004ರಲ್ಲಿ ರೇಲ್ಸ್, 2005ರಲ್ಲಿ ಜ್ಯಾಂಗೋ ಬಂದು ಇದನ್ನು ಮನೆಮಾತಾಗಿಸಿದವು. ಎಸ್‌ಕ್ಯೂಎಲಿನ ಒಂದು ಅಕ್ಷರ ಬಾರದವನೂ ಈಗ ಕೋಷ್ಟಕಗಳ ಮೇಲೆ ದರಬಾರು ನಡೆಸಬಹುದು.

ತೊಂದರೆ ಎಲ್ಲಿ ಹುಟ್ಟುತ್ತದೆಂಬುದಕ್ಕೆ ಒಂದು ದೃಷ್ಟಾಂತ. ಇನ್ನೂರು ನೌಕರರ ಉಳಿದ ರಜೆಯನ್ನು ತೋರಿಸಬೇಕಾಗಿದೆ. ಸಾಹೇಬರು ಗಂಟೆ ಬಾರಿಸಿ, ಜವಾನನನ್ನು ದಫ್ತರಖಾನೆಗೆ ಕಳಿಸಿ ಹೆಸರುಗಳ ಪಟ್ಟಿ ತರಿಸುತ್ತಾರೆ. (ಈಗ ಜವಾನ ಎನ್ನಬಾರದು, ಎಂಟಿಎಸ್ ಎನ್ನಬೇಕು, ಓಟ ಮಾತ್ರ ಅದೇ.) ಮೊದಲ ಹೆಸರು ಓದಿ ಮತ್ತೆ ಗಂಟೆ: ‘ಇವನ ರಜೆಯ ಲೆಕ್ಕ ತಾ.’ ಎರಡನೆಯ ಹೆಸರು, ಮತ್ತೆ ಗಂಟೆ. ಒಟ್ಟು 201 ಸಲ ಆತ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ‘ಪಟ್ಟಿಯನ್ನೂ ರಜೆಯ ಲೆಕ್ಕವನ್ನೂ ಒಟ್ಟಿಗೆ ತಾ’ ಎಂದಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಓಆರ್‌ಎಂ ಬಳಸುವವನು ಬರೆದ ಎರಡು ಸುಂದರ ಸಾಲುಗಳ ಹಿಂದೆ ಎಷ್ಟೋ ಸಲ ನಡೆಯುವುದು ಇದೇ. ಅವರ ಪರಿಭಾಷೆಯಲ್ಲಿ ಇದಕ್ಕೆ ‘ಎನ್ ಪ್ಲಸ್ ಒನ್’ ಎಂಬ ಹೆಸರೇ ಇದೆ. ಪರೀಕ್ಷೆಯ ದಿನ ಹತ್ತೇ ಹೆಸರಿದ್ದುದರಿಂದ ಯಾರಿಗೂ ತಿಳಿಯುವುದಿಲ್ಲ. ಹೆಸರುಗಳು ಇಪ್ಪತ್ತು ಸಾವಿರವಾದ ದಿನ ಎಲ್ಲವೂ ನಿಲ್ಲುತ್ತದೆ, ಮತ್ತು ‘ಡೇಟಾಬೇಸ್ ನಿಧಾನ’ ಎಂದು ಜವಾನನ ಮೇಲೆ ದೂರು ಹೋಗುತ್ತದೆ. ಓಡಿದವನೇ ಸೋಮಾರಿಯೆನಿಸಿಕೊಳ್ಳುವುದು ಕಚೇರಿಗಳಲ್ಲಿ ಹೊಸದಲ್ಲ.

ಇದನ್ನು ಕಂಡು ಕೆಲವರು ಓಆರ್‌ಎಂ ಎಂಬುದೇ ಬೇಡವೆನ್ನುತ್ತಾರೆ. ಟೆಡ್ ನ್ಯೂವರ್ಡ್ ಎಂಬವರು 2006ರಲ್ಲಿ ಇದನ್ನು ಗಣಕವಿಜ್ಞಾನದ ವಿಯೆಟ್ನಾಂ ಎಂದೇ ಕರೆದರು. ಮೊದಲಿಗೆ ಸುಲಭ ಜಯ, ಆಮೇಲೆ ಹಿಂದೆ ಬರಲಾಗದ ಕೆಸರು ಎಂಬರ್ಥದಲ್ಲಿ. ಅದು ಅತಿಯಾಯಿತೆಂದು ನನ್ನೆಣಿಕೆ. ಪರಭಾಷೆಯ ಊರುಗಳಲ್ಲಿ ನೆಲೆಸಿದ ನಮಗೆ ದುಭಾಷಿಯ ಉಪಕಾರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಂದ ಹೊಸತರಲ್ಲಿ ಪಡಿತರದ ಅಂಗಡಿಗೂ ಮಗುವಿನ ಶಾಲೆಗೂ ಪಕ್ಕದ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋದವರೇ ನಾವೆಲ್ಲ. ಆದರೆ ಇಪ್ಪತ್ತು ವರ್ಷ ಕಳೆದ ಮೇಲೂ ಅವರನ್ನೇ ಕರೆದೊಯ್ಯುವವರು ಇದ್ದಾರೆ. ಅವರ ಪರವಾಗಿ ಅಂಗಡಿಯಲ್ಲಿ ಯಾವ ಮಾತು ನಡೆಯಿತು, ಯಾವ ಕಾಗದಕ್ಕೆ ರುಜು ಬಿತ್ತು ಎಂಬುದು ಅವರಿಗೇ ತಿಳಿಯದು. ದುಭಾಷಿ ಶ್ರಮವನ್ನು ಹೊರಬಲ್ಲ. ಒಪ್ಪಿಗೆ ಮಾತ್ರ ಬಾಯಿ ತೆರೆಯದಿದ್ದರೂ ನಮ್ಮದೇ ಆಗಿರುತ್ತದೆ. ಓಆರ್‌ಎಂ ತನ್ನ ಹಿಂದೆ ರಚಿಸಿದ ಎಸ್‌ಕ್ಯೂಎಲ್ ವಾಕ್ಯಗಳನ್ನು ಕೇಳಿದರೆ ತೋರಿಸುತ್ತದೆ, ಏನನ್ನೂ ಬಚ್ಚಿಡುವುದಿಲ್ಲ. ಕೇಳುವವರು ಬೇಕು, ತೋರಿಸಿದಾಗ ಓದಲು ಬರಬೇಕು.

ಈಗ ಮೊದಲ ಪ್ರಶ್ನೆಗೆ ಬರೋಣ. ಪುಕ್ಕಟೆ ಪಡೆದವನು ಏನು ಸಲ್ಲಿಸಬೇಕು? ಲೈಸೆನ್ಸ್ ಪತ್ರವನ್ನು ನೋಡಿದರೆ ಏನೂ ಇಲ್ಲ. ‘ಇದ್ದದ್ದು ಇದ್ದಂತೆ ಕೊಟ್ಟಿದ್ದೇನೆ, ಭರವಸೆಯಿಲ್ಲ’ ಎಂಬುದು ಅದರ ತಾತ್ಪರ್ಯ. ಕಾನೂನು ಅಲ್ಲಿಗೆ ಮುಗಿಯಿತು. ಇನ್ನು ಕೆಲವರು ಹಣ ಕೊಟ್ಟರಾಯಿತು ಎನ್ನುತ್ತಾರೆ. ಹಣ ಬೇಕು, ಅದರಲ್ಲಿ ಸಂದೇಹವಿಲ್ಲ. 2014ರ ಏಪ್ರಿಲಿನಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಹೊರಬಿದ್ದಾಗ, ಅಂತರ್ಜಾಲದ ಗುಟ್ಟುಗಳ ಬಹುಪಾಲನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಯೋಜನೆಗೆ ದೇಣಿಗೆಯಾಗಿ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 2,000 ಡಾಲರ್ ಎಂದು ತಿಳಿದು ಲೋಕ ತಲೆತಗ್ಗಿಸಿತು. ನಮ್ಮ ಬೆಂಗಳೂರಿನ ಜೆರೋಧಾ ಕಂಪನಿ 2024ರ ಅಕ್ಟೋಬರಿನಲ್ಲಿ ಇಂಥ ಯೋಜನೆಗಳಿಗಾಗಿ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿಯನ್ನು ಘೋಷಿಸಿದ್ದು ಹೆಮ್ಮೆಯ ಸಂಗತಿ. ಸರ್ಕಾರಗಳೂ ಎಚ್ಚೆತ್ತಿವೆ: 2021ರ ಮೇ ತಿಂಗಳ ಅಧ್ಯಕ್ಷೀಯ ಆದೇಶದಿಂದ ಅಮೆರಿಕವೂ, ಸರ್ಟ್-ಇನ್ ಸಂಸ್ಥೆಯ 2024ರ ಮಾರ್ಗಸೂಚಿಯಿಂದ ಭಾರತವೂ, ಸಾಫ್ಟ್‌ವೇರಿನೊಳಗೆ ಏನೇನು ಸೇರಿದೆಯೆಂಬ ಸಾಮಗ್ರಿಪಟ್ಟಿ ಇರಬೇಕೆನ್ನುತ್ತಿವೆ. ಒಳ್ಳೆಯದೇ. ಆದರೆ ಪಟ್ಟಿಗಳ ಗತಿಯೇನಾಗುತ್ತದೆಂಬುದನ್ನು ಗುಮಾಸ್ತನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ತಯಾರಾಗುತ್ತದೆ, ಮೂರು ಪ್ರತಿಯಾಗುತ್ತದೆ, ಕಡತಕ್ಕೆ ಸೇರುತ್ತದೆ.

ಹಣವೂ ಪಟ್ಟಿಯೂ ಮುಟ್ಟದ ಒಂದು ಋಣವಿದೆ. ಮನುಷ್ಯ ಮೂರು ಋಣಗಳನ್ನು ಹೊತ್ತೇ ಹುಟ್ಟುತ್ತಾನೆಂಬ ಭಾವನೆ ತೈತ್ತಿರೀಯ ಸಂಹಿತೆಯಷ್ಟು ಹಿಂದಿನದು. ದೇವಋಣ ಯಜ್ಞದಿಂದ, ಪಿತೃಋಣ ಸಂತಾನದಿಂದ ತೀರುತ್ತವೆ. ಮೂರನೆಯದು ಋಷಿಋಣ, ವಿದ್ಯೆಯನ್ನು ಬಿಟ್ಟುಹೋದವರದು. ಅದನ್ನು ತೀರಿಸಲು ಗೋವನ್ನೋ ಚಿನ್ನವನ್ನೋ ಹೇಳಿಲ್ಲ. ಬ್ರಹ್ಮಚರ್ಯದಿಂದ, ಎಂದರೆ ಕುಳಿತು ಅಧ್ಯಯನ ಮಾಡುವುದರಿಂದ ಎಂದಿದೆ. ಲೈಬ್ರರಿಯ ಋಣ ಈ ಜಾತಿಯದೆಂದು ನನಗೆ ಅನಿಸುತ್ತದೆ. ಯಾರದೋ ಕೃತಿಯನ್ನು ನಿತ್ಯ ಬಳಸುವವನು ಅದನ್ನು ಒಮ್ಮೆಯಾದರೂ ತೆರೆದು ಓದಬೇಕು. ಹೊಸ ಆವೃತ್ತಿ ಬಂದಾಗ ಏನು ಬದಲಾಯಿತೆಂದು ನೋಡಬೇಕು. ತಪ್ಪು ಕಂಡರೆ ಬೈಯುವ ಬದಲು ತಿದ್ದಿ ಕಳಿಸಬೇಕು. ನೂರಾರು ಅತಿಥಿಗಳನ್ನು ಹೀಗೆ ಮಾತಾಡಿಸುವುದು ಒಬ್ಬನಿಂದ ಸಾಧ್ಯವೆ ಎಂದು ನನ್ನ ಅಳಿಯ ಕೇಳುತ್ತಾನೆ. ಸಾಧ್ಯವಿಲ್ಲ. ಹಾಗಾದರೆ ಮಾತಾಡಿಸಲಾಗುವಷ್ಟು ಜನರನ್ನೇ ಕರೆಯಬೇಕಾಗುತ್ತದೆ. ಅವನಿಗೆ ಈ ಉತ್ತರ ಹಿಡಿಸಿಲ್ಲ. ಗಡುವು ಕೊಡುವವರು ಇದನ್ನು ಕೇಳಿಯಾರೆ ಎನ್ನುತ್ತಾನೆ. ಆ ಮಾತಿನಲ್ಲೂ ಹುರುಳಿದೆ. ಓದುವ ಹೊತ್ತನ್ನು ಸಂಬಳದ ಹೊತ್ತೆಂದು ಎಣಿಸದ ಕಂಪನಿ, ಋಣವನ್ನು ತನ್ನ ನೌಕರರ ಭಾನುವಾರಗಳಿಂದ ತೀರಿಸುತ್ತಿದೆ.

ಇದು ಕೇವಲ ಉಪದೇಶವಲ್ಲವೆಂಬುದಕ್ಕೆ 2024ರ ಘಟನೆಯೊಂದಿದೆ. ‘ಎಕ್ಸ್‌ಜೆಡ್’ ಎಂಬ ಸಂಕೋಚನ ಲೈಬ್ರರಿಯನ್ನು ಬಹುಕಾಲದಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2022ರಲ್ಲಿ, ಕೆಲಸ ನಿಧಾನವಾಯಿತೆಂದು ಅಪರಿಚಿತರು ಬಹಿರಂಗವಾಗಿ ಅವರನ್ನು ಪೀಡಿಸತೊಡಗಿದರು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂಬುದನ್ನು ನೆನಪಿಡಿ ಎಂದು ಅವರು ತಾಳ್ಮೆಯಿಂದಲೇ ಬರೆದರು. ಆ ಹೊತ್ತಿಗೆ ‘ಜಿಯಾ ಟಾನ್’ ಎಂಬ ಹೆಸರಿನವನೊಬ್ಬ ಸಹಾಯಕನಾಗಿ ಬಂದಿದ್ದ. ಎರಡು ವರ್ಷಕ್ಕೂ ಮೇಲ್ಪಟ್ಟು ಅಚ್ಚುಕಟ್ಟಾಗಿ ದುಡಿದು ನಂಬಿಕೆ ಗಳಿಸಿದ, ಕೀಲಿಕೈ ಪಡೆದ, 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಕಳ್ಳದಾರಿಯೊಂದನ್ನು ಅಡಗಿಸಿಟ್ಟ. ಪರರ ಕಂಪ್ಯೂಟರುಗಳನ್ನು ದೂರದಿಂದಲೇ ಹೊಕ್ಕುಬಿಡುವ ದಾರಿ ಅದು.

ಅದನ್ನು ಕಂಡುಹಿಡಿದದ್ದು ಯಾವ ತಪಾಸಣೆಯ ಪಟ್ಟಿಯೂ ಅಲ್ಲ. ಮೈಕ್ರೋಸಾಫ್ಟಿನಲ್ಲಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ತಮ್ಮ ಯಂತ್ರಕ್ಕೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವಂತೆ ಕಂಡಿತು. ಅರ್ಧ ಸೆಕೆಂಡಿಗೆ ತಲೆಕೆಡಿಸಿಕೊಳ್ಳುವವರು ಯಾರು? ಅವರು ಕೆಡಿಸಿಕೊಂಡರು. ಕೋಷ್ಟಕಗಳನ್ನು ನಡೆಸುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸನ್ನು ಕಟ್ಟುವವರಲ್ಲಿ ಅವರೊಬ್ಬರು. ಹಿಂದೆ ನಡೆಯುವುದನ್ನು ಇಣುಕಿ ನೋಡುವುದು ಅವರಿಗೆ ಅಭ್ಯಾಸವಾಗಿತ್ತು. ಒಂದೊಂದೇ ಪದರ ಬಿಚ್ಚುತ್ತ ಹೋಗಿ ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಕಳ್ಳದಾರಿಯಿದ್ದ ಆವೃತ್ತಿ ಲೋಕದಲ್ಲೆಲ್ಲ ಹರಡುವ ಮೊದಲೇ ತಡೆಯಾಯಿತು. ಜಿಯಾ ಟಾನ್ ಯಾರೆಂಬುದು ತಿಳಿಯಲಿಲ್ಲ. ಹಳೆಯ ಪಾಲಕರು ಮರಳಿ ಬಂದು, ಆತ ಸೇರಿಸಿದ್ದನ್ನೆಲ್ಲ ಸಾಲುಸಾಲಾಗಿ ಪರಿಶೀಲಿಸಿ, ಮೇ ತಿಂಗಳ ಕೊನೆಗೆ ಶುದ್ಧಪಡಿಸಿದ 5.6.2ನ್ನು ಹೊರತಂದರು, ಎಂದಿನಂತೆ ಪುಕ್ಕಟೆಯಾಗಿ.